ಬಿಸ್ಮಿಲ್ಲಾ ಬಿಯ ಎರಡು ಪೆಟ್ಟಿಗೆ ಏಲಕ್ಕಿ

ಶಿರಸಿಯ ಮಸೀದಿಯ ಹಿಂದಿನ ಓಣಿಯಲ್ಲಿ ಮುನಾಫ್ ಸಾಬ ಎಂಬ ಗಾಡಿಯವನಿದ್ದ. ಊರಿನ ವಖಾರಿಗಳಿಂದ ಅಡಿಕೆ, ಕಾಳುಮೆಣಸಿನ ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಮುಟ್ಟಿಸುವುದು, ಬರುವಾಗ ಉಪ್ಪು, ಹೆಂಚು ತರುವುದು ಅವನ ಕಸುಬು. ಒಳ್ಳೆಯ ಮಾತುಗಾರ. ಘಟ್ಟದಲ್ಲಿ ಹುಲಿ ಅಡ್ಡ ಬಂದದ್ದನ್ನು ಅವನ ಬಾಯಿಂದಲೇ ಕೇಳಬೇಕು ಎನ್ನುತ್ತಿದ್ದರು ಜನ. ಅವನ ಹೆಂಡತಿ ಬಿಸ್ಮಿಲ್ಲಾ ಬಿ ಯಲ್ಲಾಪುರದವಳು. ಅವಳಿಗೆ ಮಾತು ಕಡಿಮೆ, ಕೈ ಚುರುಕು.

ಮಕ್ಕಳಿರಲಿಲ್ಲ. ಮದುವೆಯಾದ ಮೂರನೇ ವರ್ಷಕ್ಕೇ ಆಕೆ ರಘುಪತಿ ಹೆಗಡೆಯವರ ವಖಾರಿಗೆ ಏಲಕ್ಕಿ ಆರಿಸುವ ಕೆಲಸಕ್ಕೆ ಹೋಗತೊಡಗಿದಳು. ಮೊರ ತುಂಬ ಏಲಕ್ಕಿ ಸುರುವಿಕೊಂಡು, ತೊಟ್ಟು ಮುರಿದು, ಒಡಕು ಕಾಯಿ, ಬಿಳಿಚಿದ ಕಾಯಿ, ದಪ್ಪ ಹಸಿರು ಕಾಯಿ ಎಂದು ಬೇರೆ ಮಾಡುವ ಕೆಲಸ. ಕೂಲಿ ಬಂದ ಹಾಗೆ ಚೂರುಪಾರು ಬಂಗಾರ ಮಾಡಿಸಿದಳು. ತಾಯಿ ಕೊಟ್ಟ ಬಳೆಗಳ ಜೊತೆಗೆ ಅದೂ ಸೇರಿ, ಇಪ್ಪತ್ತು ವರ್ಷಗಳಲ್ಲಿ ಒಂದು ಸರ, ಎರಡು ಜೊತೆ ಬಳೆ, ಕಿವಿಯ ಬುಗುಡಿ ಆಗಿದ್ದವು. ಅದನ್ನೆಲ್ಲ ಅವಳು ಮೈಮೇಲೆ ಹಾಕಿಕೊಂಡದ್ದು ಕಡಿಮೆ. ಯಲ್ಲಾಪುರದಲ್ಲಿ ಅವಳು ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಮುದುಕಿಯೊಬ್ಬಳು ಹಜ್ ಮುಗಿಸಿ ಬಂದು, ಕಾಬಾದ ಎದುರು ನಿಂತಾಗ ತನ್ನ ಹೆಸರೇ ಮರೆತುಹೋಗಿತ್ತು ಎಂದು ಹೇಳಿದ್ದಳು. ಹೆಸರು ಮರೆತುಹೋಗುವಂಥ ಜಾಗ ಎಂಥದ್ದಿರಬಹುದು ಎಂಬ ಆಸೆ ಬಿಸ್ಮಿಲ್ಲಾ ಬಿಯ ಮನಸ್ಸಿನಲ್ಲಿ ಅಂದಿನಿಂದ ಕೂತಿತ್ತು. ಬಂಗಾರ ಅದಕ್ಕಾಗಿ.

ಮಸೀದಿಯ ಖತೀಬರ ಹೆಂಡತಿಯ ಮೂಲಕ ಅವಳು ಒಮ್ಮೆ ಕೇಳಿಸಿದ್ದಳು. ಬಂಗಾರ ನಿನ್ನದಾದರೆ ಹಜ್ ನಿನ್ನ ಮೇಲೇ ಫರ್ಜ್, ಮಾಡಲೇಬೇಕಾದ ಕರ್ತವ್ಯ, ಆದರೆ ಗಂಡನೋ ಅಣ್ಣತಮ್ಮನೋ ಜೊತೆಗಿಲ್ಲದೆ ಹೆಂಗಸು ಹೊರಡುವಂತಿಲ್ಲ ಎಂದು ಉತ್ತರ ಬಂದಿತ್ತು. ಅಣ್ಣತಮ್ಮಂದಿರು ಅವಳಿಗಿರಲಿಲ್ಲ. ಇದ್ದೊಬ್ಬ ತಂಗಿಯ ಮಗ ಆಗಿನ್ನೂ ಚಿಕ್ಕವನು. ಹಾಗಾಗಿ ಇಬ್ಬರ ಖರ್ಚು ಜಮೆಯಾಗುವ ತನಕ ಕಾದಳು. ಮುನಾಫನಿಗೂ ಆಸೆ ಇರಲಿಲ್ಲವೆಂದಲ್ಲ. ಆದರೆ ಅವನ ದುಡಿಮೆ ಎತ್ತಿನ ಹಿಂಡಿಗೆ, ಗಾಡಿಯ ಕೀಲಿಗೆ, ದಾರಿಯ ಚಹಾಕ್ಕೆ ಹೋಗುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆಯಲ್ಲಿ ಹೊರಡುವ ಮಾತು ಗಟ್ಟಿಯಾಯಿತು. ಮರುವರ್ಷ ಹಜ್ ಚೈತ್ರದ ಹೊತ್ತಿಗೆ ಬರುತ್ತಿತ್ತು. ಆಗ ಪೇಟೆಯಲ್ಲಿ ಎಲ್ಲದರ ಬೆಲೆಯೂ ಬಿದ್ದುಹೋಗಿತ್ತು. ಅಡಿಕೆ ಕೇಳುವವರಿಲ್ಲ, ಅಕ್ಕಿ ಕೇಳುವವರಿಲ್ಲ. ಮುನಾಫ್ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಹೇಳಿದ:

"ನೋಡು, ಎಲ್ಲಾ ಇಳಿದು ಹೋಗ್ತಾ ಇದೆ. ನಾಳೆ ಬಂಗಾರನೂ ಇಳೀತದೆ. ಈಗಲೇ ಮಾರಿ ರೂಪಾಯಿ ಮಾಡಿಟ್ಟರೆ ಜೀವಕ್ಕೆ ನೆಮ್ಮದಿ."

"ಹೊರಡೂ ಮುಂದೆ ಮಾರಿದರೆ ಆಗೂದಿಲ್ವಾ?" ಎಂದಳು ಅವಳು.

"ಆಗ ಅರ್ಧ ಬೆಲೆಗೆ ಕೇಳ್ತಾರೆ. ನಾನು ಕುಮಟೆಯಿಂದ ಹುಬ್ಬಳ್ಳಿ ತನಕ ನಾಲ್ಕು ಪೇಟೆ ನೋಡಿದವನು. ವಖಾರಿಯಲ್ಲಿ ಕೂತವಳಿಗೆ ಎಂತ ಗೊತ್ತು?"

ಅವಳು ಎದ್ದು ಹೋಗಿ ಗಂಟು ತಂದಿಟ್ಟಳು. ಕಮಲಾಕರ ಶೇಟರ ಅಂಗಡಿಯಲ್ಲಿ ಅವತ್ತಿನ ದರಕ್ಕೆ ಎಲ್ಲವನ್ನೂ ತೂಗಿ ಕೊಟ್ಟದ್ದಾಯಿತು. ಶೇಟರು ಮೋಸ ಮಾಡಲಿಲ್ಲ. ಇಬ್ಬರ ಹಡಗಿನ ಟಿಕೆಟ್ಟಿಗೂ ಅಲ್ಲಿನ ಖರ್ಚಿಗೂ ಸಾಲುವಷ್ಟು ರೂಪಾಯಿ ಬಂತು. ಹೆಂಡತಿಯ ಬೋಳು ಕೈ ನೋಡಿ ಮುನಾಫ್ ದಾರಿಯಲ್ಲಿ ಗಾಜಿನ ಬಳೆ ಕೊಡಿಸಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಸುದ್ದಿ ಬಂತು. ವಿಲಾಯತಿಯ ಸರಕಾರ ತನ್ನ ನೋಟಿಗೆ ಬಂಗಾರ ಕೊಡುವುದನ್ನು ನಿಲ್ಲಿಸಿದೆಯಂತೆ, ನಮ್ಮ ರೂಪಾಯಿಯನ್ನು ಆ ನೋಟಿನ ಬಾಲಕ್ಕೇ ಕಟ್ಟಿದ್ದಾರಂತೆ ಎಂದು ವಖಾರಿಯ ಜಗಲಿಯಲ್ಲಿ ಮಾತು. ಏಲಕ್ಕಿ ಆರಿಸುತ್ತಿದ್ದ ಹೆಂಗಸರಿಗೆ ಅದು ತಲೆಗೆ ಹತ್ತಲಿಲ್ಲ. ಬಿಸ್ಮಿಲ್ಲಾ ಬಿಗೂ ಹತ್ತಲಿಲ್ಲ. ಹತ್ತಿದ್ದು ಶೇಟರ ಅಂಗಡಿಯ ಮುಂದೆ ಜನ ಸಾಲುಗಟ್ಟಿದ್ದನ್ನು ಕಂಡಾಗ. ಹೇರೂರಿನಿಂದ, ಮತ್ತಿಘಟ್ಟದಿಂದ ಬಂದವರೆಲ್ಲ ಮನೆಯ ಬಂಗಾರ ಮಾರುತ್ತಿದ್ದರು. ತೊಲೆಗೆ ಬೇಸಿಗೆಯಲ್ಲಿ ಇಪ್ಪತ್ತೊಂದು ಚಿಲ್ಲರೆ ಇದ್ದದ್ದು ಈಗ ಇಪ್ಪತ್ತೈದು ದಾಟಿತ್ತು. ದೀಪಾವಳಿ ಕಳೆದ ಮೇಲೆ ಇನ್ನೂ ಏರಿ ಮೂವತ್ತರ ಹತ್ತಿರ ಬಂತು.

"ಹೋಗಲಿ ಬಿಡು, ನಮಗೆ ಬೇಕಾದದ್ದು ರೂಪಾಯಿ ತಾನೆ? ರೂಪಾಯಿ ಇದೆಯಲ್ಲ," ಎಂದ ಮುನಾಫ್.

ಅದೂ ಹಾಗಿಲ್ಲ ಎಂದು ತಿಳಿದದ್ದು ಯಲ್ಲಾಪುರದ ಕರೀಂ ಸಾಬರು ಬಂದಾಗ. ಅವರು ಎರಡು ವರ್ಷದ ಹಿಂದೆ ಹಜ್ ಮಾಡಿ ಬಂದವರು. ಹೊರಡುವವರಿಗೆ ಬುದ್ಧಿ ಹೇಳಲೆಂದೇ ಬಂದಿದ್ದರು.

"ಹಡಗಿನ ಟಿಕೆಟ್ಟು ಮಾತ್ರ ರೂಪಾಯಿಯಲ್ಲಿ, ಮುನಾಫ್. ಜಿದ್ದಾದಲ್ಲಿ ಕಾಲಿಟ್ಟ ಮೇಲೆ ಎಲ್ಲಾ ಚಿನ್ನದ ಪವನಿನ ಲೆಕ್ಕ. ಒಂಟೆಗೆ ಪವನು, ಯಾತ್ರೆ ಮಾಡಿಸುವ ಮುಅಲ್ಲಿಮನಿಗೆ ಪವನು, ಬಿಡಾರಕ್ಕೆ ಪವನು. ನಾನು ಹೋದಾಗ ಪವನಿಗೆ ಹದಿಮೂರು ರೂಪಾಯಿ ಚಿಲ್ಲರೆ ಕೊಟ್ಟು ಬೊಂಬಾಯಿಯಲ್ಲೇ ತಗೊಂಡಿದ್ದೆ. ಈಗ ಎಷ್ಟಿದೆ ಗೊತ್ತಾ? ಹದಿನೆಂಟು!"

ಮುನಾಫ್ ಮೀಸೆ ಸವರಿಕೊಂಡು ಕೂತ. ಬಾಗಿಲ ಪರದೆಯ ಹಿಂದೆ ನಿಂತಿದ್ದ ಬಿಸ್ಮಿಲ್ಲಾ ಬಿಗೆ ಈಗ ಅರ್ಥವಾಯಿತು. ತಾನು ಯಾವ ಬಂಗಾರವನ್ನು ಅಗ್ಗಕ್ಕೆ ಮಾರಿದಳೋ, ಅದೇ ಬಂಗಾರವನ್ನು ದುಬಾರಿಗೆ ಕೊಂಡು ಮಕ್ಕೆಗೆ ಒಯ್ಯಬೇಕು. ಮಾರದೆ ಇಟ್ಟಿದ್ದರೆ ಬಳೆಗಳನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋಗಬಹುದಿತ್ತು.

"ಇಬ್ಬರಿಗೆ ಸಾಲದು," ಎಂದರು ಕರೀಂ ಸಾಬರು. "ಒಬ್ಬರಿಗೆ ಸಾಲಬೌದು."

ಮರುದಿನ ಬಿಸ್ಮಿಲ್ಲಾ ಬಿ ವಖಾರಿಯಲ್ಲಿ ಮೊರ ಹಿಡಿದು ಕೂತಾಗ ಪಕ್ಕದ ದ್ಯಾವಮ್ಮ ಕೇಳಿದಳು, "ಎಂತಾ ಆತೇ? ಒಳ್ಳೆ ಕಾಯೆಲ್ಲ ಒಡಕಿನ ರಾಶಿಗೆ ಹಾಕ್ತಾ ಇದ್ದೆಯಲ್ಲ."

ಅವಳು ಕೈಯಲ್ಲಿದ್ದ ಕಾಯಿಯನ್ನು ನೋಡಿದಳು. ದಪ್ಪನೆಯ ಹಸಿರು ಕಾಯಿ. ಇಂಥ ಕಾಯಿಯನ್ನು ಬೇರೆ ಚೀಲಕ್ಕೆ ತುಂಬಿಸುವಾಗ ವಖಾರಿಯವರು "ಇದು ಅರಬ್ಬರ ಮಾಲು" ಎನ್ನುತ್ತಿದ್ದರು. ಅಲ್ಲಿಯವರು ಕಾಫಿಗೆ ಏಲಕ್ಕಿ ಇಲ್ಲದೆ ಬಾಯಿ ಇಡುವುದಿಲ್ಲವೆಂದು ಅವಳು ಕೇಳಿದ್ದಳು. ಮೊರ ಕೆಳಗಿಟ್ಟು ಎದ್ದವಳು ನೆಟ್ಟಗೆ ಜಗಲಿಗೆ ಹೋಗಿ ಹೆಗಡೆಯವರ ಎದುರು ನಿಂತಳು.

"ಒಡೆಯಾ, ನಮ್ಮ ಏಲಕ್ಕಿ ಅರಬ್ಬರ ಊರಿಗೆ ಹೋಗೂದು ಖರೆಯಾ?"

"ಖರೆನೇಯ. ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು ಹತ್ತತದೆ. ಎಂತಕ್ಕೆ?"

"ಅಲ್ಲಿ ಅದಕ್ಕೆ ಚಿನ್ನದಲ್ಲಿ ರೊಕ್ಕ ಕೊಡ್ತ್ರಾ?"

ಹೆಗಡೆಯವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಅವರ ನಾಣ್ಯದಲ್ಲಿ ಕೊಡ್ತ. ಅವರ ನಾಣ್ಯ ನಮ್ಮ ರೂಪಾಯಿ ಹಾಂಗೆ ಬಿದ್ದಿದ್ದಿಲ್ಲೆ. ಇಲ್ಲಿ ಏಲಕ್ಕಿ ಬೆಲೆ ನೆಲ ಕಚ್ಚಿದೆ, ಅಲ್ಲಿ ಕಚ್ಚಿದ್ದಿಲ್ಲೆ. ನೀ ಎಂತ ಮಾಡ್ತೆ ಅಂತ ನಂಗೆ ತಿಳೀತು. ಒಳ್ಳೆ ಯೋಚನೆ."

ಹಾಗೆ ಅವಳ ದಾರಿ ತೆರೆಯಿತು. ರೂಪಾಯಿ ಕೊಟ್ಟು ದುಬಾರಿ ಪವನು ಕೊಳ್ಳುವ ಬದಲು ಅಗ್ಗದ ಏಲಕ್ಕಿ ಕೊಂಡು ಒಯ್ಯುವುದು, ಅಲ್ಲಿ ಮಾರಿ ಅಲ್ಲಿಯ ಖರ್ಚು ತೆಗೆಯುವುದು. ಟಿಕೆಟ್ಟಿನ ರೂಪಾಯಿ ಬೇರೆ ಇಟ್ಟು ಉಳಿದದ್ದಕ್ಕೆಲ್ಲ ಏಲಕ್ಕಿ ಕೊಂಡರು. ಹೆಗಡೆಯವರು ಪೇಟೆಯ ದರಕ್ಕೇ ಕೊಟ್ಟರು, ಆದರೆ ಅವಳೇ ಆರಿಸಿಕೊಳ್ಳಲಿ ಎಂದರು. ಕೆಲಸ ಮುಗಿದ ಮೇಲೆ ಬಿಸ್ಮಿಲ್ಲಾ ಬಿ, ಜೊತೆಗೆ ದ್ಯಾವಮ್ಮ, ಒಂದೊಂದೇ ಕಾಯಿಯನ್ನು ನೋಡಿ ಎತ್ತಿದರು. ತಗಡು ಹೊಡೆದ ಎರಡು ಮರದ ಪೆಟ್ಟಿಗೆಗಳಲ್ಲಿ ತುಂಬಿ, ಹಡಗಿನ ತೇವ ತಾಗದಂತೆ ಬಾಯಿಗೆ ಮೇಣದ ಬಟ್ಟೆ ಬಿಗಿದರು. ದಾರಿಗೆಂದು ಅಕ್ಕಿ, ತೊಗರಿಬೇಳೆ, ಉಪ್ಪಿನಕಾಯಿ, ಒಣ ರೊಟ್ಟಿ. ಜಿದ್ದಾದಿಂದ ಮಕ್ಕೆಗೆ ಒಂಟೆಯನ್ನೂ ಮಾಡುವುದು ಬೇಡ, ನಡೆದೇ ಹೋಗೋಣ ಎಂದು ಅವಳೇ ಹೇಳಿದಳು. ಇಬ್ಬರಿಗೆ ಸರಿಯಾಗಿ ಸಾಲುವಂತಿತ್ತು.

ಹೊರಡುವ ಮುನ್ನ ಜಮಾತಿನವರು ಮುನಾಫನಿಗೆ ಹಾರ ಹಾಕಿ ಊಟ ಹಾಕಿಸಿದರು. ಅವನು ಎದ್ದು ನಿಂತು ಏಲಕ್ಕಿಯ ಸಂಗತಿ ಹೇಳಿದ. "ರೂಪಾಯಿ ಬಿದ್ದರೆ ಬೀಳಲಿ, ನಾನು ಚಿನ್ನವನ್ನು ಪೆಟ್ಟಿಗೆಯಲ್ಲಿ ಬೆಳೆಸಿಕೊಂಡು ಹೋಗ್ತಾ ಇದ್ದೇನೆ" ಎಂದಾಗ ಜನ ನಕ್ಕು ಭೇಷ್ ಎಂದರು. ಯಾರ ಯೋಚನೆ ಎಂದು ಅವನು ಹೇಳಲಿಲ್ಲ. ಹೆಂಗಸರ ಪಂಕ್ತಿಯಲ್ಲಿ ಬಡಿಸುತ್ತಿದ್ದ ಬಿಸ್ಮಿಲ್ಲಾ ಬಿಗೆ ಅದರಿಂದ ಬೇಸರವೂ ಆಗಲಿಲ್ಲ. ಅವಳ ಮನಸ್ಸು ಆಗಲೇ ಹಡಗಿನಲ್ಲಿತ್ತು.

ಕುಮಟೆಯಿಂದ ಆಗಬೋಟಿನಲ್ಲಿ ಬೊಂಬಾಯಿಗೆ ಬಂದರು. ಹಾಜಿಗಳ ಮುಸಾಫಿರಖಾನೆಯ ಉದ್ದನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಪೆಟ್ಟಿಗೆಗಳೆರಡನ್ನು ತಲೆಯ ಬದಿಗಿಟ್ಟುಕೊಂಡು ಬಿಡಾರ ಮಾಡಿದರು. ಸಿಡುಬಿನ ದೇವಿ ಹಾಕಿಸಿಕೊಂಡು, ಕಾಲರಾದ ಸೂಜಿ ಚುಚ್ಚಿಸಿಕೊಂಡು ಇಬ್ಬರಿಗೂ ತೋಳು ಬಾತಿತ್ತು. ಹಡಗು ಹೊರಡುವುದು ತಡವಾಯಿತು. ಹೆಂಗಸರು ಒಳಗೇ ಇದ್ದರು. ಮುನಾಫ್ ದಿನಾ ಪೇಟೆ ಸುತ್ತಲು ಹೋಗುತ್ತಿದ್ದ. ಬಂದು ಒಂದೊಂದು ದಿನ ಒಂದೊಂದು ಹೇಳುತ್ತಿದ್ದ. ಜಿದ್ದಾದ ಸುಂಕದವರು ಅರ್ಧ ಮಾಲು ಹಿಡಿದುಕೊಳ್ಳುತ್ತಾರಂತೆ. ಸಮುದ್ರದ ಹವೆಗೆ ಏಲಕ್ಕಿ ಬೂಸಲು ಹಿಡಿಯುತ್ತದಂತೆ. ದಾರಿಯಲ್ಲಿ ಕಳ್ಳರು ಪೆಟ್ಟಿಗೆ ಕಂಡರೆ ಬಿಡುವುದಿಲ್ಲವಂತೆ. ಹೇಳಿದವನು ಯಾರು ಎಂದರೆ ಚಹಾದ ಅಂಗಡಿಯಲ್ಲಿ ಪರಿಚಯವಾದ ಒಬ್ಬ ದಲ್ಲಾಳಿ.

"ಅವನಿಗೆ ನಮ್ಮ ಮಾಲಿನ ಮೇಲೆ ಕಣ್ಣು," ಎಂದಳು ಬಿಸ್ಮಿಲ್ಲಾ ಬಿ. "ಹೆದರಬೇಡಿ. ಕಾಯಿ ಕೆಡೂದಿಲ್ಲ. ನಾನು ಒಣಗಿಸಿ ತುಂಬಿದ್ದು."

ಟಿಕೆಟ್ಟು ಕೊಡಲು ಶುರುವಾದ ದಿನ ಅವಳು ಬಟ್ಟೆ ಒಗೆದು ತರಲು ನಲ್ಲಿಯ ಹತ್ತಿರ ಹೋಗಿದ್ದಳು. ತಿರುಗಿ ಬಂದಾಗ ಚಾಪೆಯ ತಲೆಯ ಬದಿ ಖಾಲಿಯಾಗಿತ್ತು. ಪೆಟ್ಟಿಗೆ ಇದ್ದಲ್ಲಿ ನಾಲ್ಕು ಕಾಯಿ ಉದುರಿದ್ದವು. ಅಷ್ಟರಲ್ಲಿ ಮುನಾಫ್ ಬಂದ. ಅಂಗಿಯ ಒಳಜೇಬನ್ನು ಕೈಯಿಂದ ಒತ್ತಿ ಹಿಡಿದಿದ್ದ.

"ಮಾರಿದೆ," ಎಂದ. "ಪವನು ತಗೊಂಡೆ. ಇನ್ನು ನಿಶ್ಚಿಂತೆ."

"ಎಷ್ಟು?"

ಅವನು ಹೇಳಿದ. ಆರಿಸದ ಮಾಲಿಗೂ ಶಿರಸಿಯಲ್ಲಿ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಆ ಹಣಕ್ಕೆ ಬಂದ ಪವನುಗಳು ಒಂದು ಮುಷ್ಟಿಯಲ್ಲಿ ಅಡಗಿದ್ದವು. ಪವನಿನ ಬೆಲೆ ಆ ವಾರ ಮತ್ತಷ್ಟು ಏರಿತ್ತು.

"ಇದು ಒಬ್ಬರಿಗೆ," ಎಂದಳು ಅವಳು.

ಮುನಾಫ್ ಇನ್ನೊಂದು ಜೇಬಿನಿಂದ ಒಂದೇ ಒಂದು ಟಿಕೆಟ್ಟು ತೆಗೆದು ಚಾಪೆಯ ಮೇಲಿಟ್ಟ. ಎರಡನೆಯದಕ್ಕೆಂದು ಇಟ್ಟ ರೂಪಾಯಿಯೂ ಪವನಾಗಿತ್ತು.

ಬಿಸ್ಮಿಲ್ಲಾ ಬಿ ಒದ್ದೆ ಬಟ್ಟೆಯನ್ನು ಇನ್ನೂ ತೋಳಿನ ಮೇಲೆ ಹಾಕಿಕೊಂಡೇ ನಿಂತಿದ್ದಳು. ನೀರು ಪಾದಕ್ಕೆ ತೊಟ್ಟಿಕ್ಕುತ್ತಿತ್ತು. "ಅದನ್ನು ಹಿಂದೆ ಕೊಟ್ಟು ಬನ್ನಿ. ಇಬ್ಬರೂ ಊರಿಗೆ ಹೋಗೋಣ. ಈ ಪವನು ಇಟ್ಟುಕೊಳ್ಳೋಣ. ಇನ್ನೆರಡು ವರ್ಷ ದುಡಿದು ಇಬ್ಬರೂ ಬರೋಣ."

"ಹಾರ ಹಾಕಿಸಿಕೊಂಡು ಬಂದವನು ಯಾವ ಮುಖ ಇಟ್ಟುಕೊಂಡು ತಿರುಗಿ ಹೋಗಲಿ? ಓಣಿಯಲ್ಲಿ ತಲೆ ಎತ್ತಿ ನಡೀಲಿಕ್ಕೆ ಆಗ್ತದಾ?"

"ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ?"

"ನೀನು ಹೆಂಗಸು. ನಿನ್ನನ್ನು ಯಾರು ಕೇಳ್ತಾರೆ? ಮೈ ಸರಿ ಇರಲಿಲ್ಲ, ಡಾಕ್ಟರು ಬೇಡ ಅಂದರು ಅಂತ ಹೇಳು. ನಿನ್ನ ಪಾಲಿನ ದುವಾನೂ ನಾನೇ ಮಾಡಿ ಬರ್ತೇನೆ."

ಪಕ್ಕದ ಚಾಪೆಯ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಬಿಸ್ಮಿಲ್ಲಾ ಬಿ ಅಂಗಳದ ಹಗ್ಗಕ್ಕೆ ಬಟ್ಟೆ ಹರವಿದಳು. ಅವನ ಅಂಗಿ, ಅವನ ಲುಂಗಿ, ತನ್ನ ದುಪಟ್ಟಾ.

ಧಕ್ಕೆಯಲ್ಲಿ ಹಡಗು ಹತ್ತುವವರು ಬೀಳ್ಕೊಡಲು ಬಂದವರ ಕೈ ಹಿಡಿದು, ಆಡಿದ್ದು ಮಾಡಿದ್ದು ಮಾಫ್ ಮಾಡಿ ಎಂದು ಕೇಳುವುದು ಪದ್ಧತಿ. ಮನುಷ್ಯರು ಕ್ಷಮಿಸದ ತಪ್ಪನ್ನು ಹೊತ್ತುಕೊಂಡು ದೇವರ ಮನೆಗೆ ಹೋಗಬಾರದು. ಮುನಾಫನೂ ಕೇಳಿದ. ಅವನ ಕಣ್ಣಿನಲ್ಲಿ ನೀರಿತ್ತು, ಅದು ಸುಳ್ಳಿನ ನೀರೂ ಆಗಿರಲಿಲ್ಲ. ಸುತ್ತ ನೂರಾರು ಜನ ಅಳುತ್ತಿದ್ದರು. ಭಟ್ಕಳದ ಕಡೆಯ ಒಬ್ಬ ಮುದುಕ, "ಹೇಳಮ್ಮಾ, ಮಾಫ್ ಮಾಡಿದೆ ಅನ್ನು, ಹಡಗಿಗೆ ಹೊತ್ತಾಯ್ತು" ಎಂದು ಅವಸರ ಮಾಡಿದ.

"ಮಾಫ್ ಮಾಡಿದೆ," ಎಂದಳು ಅವಳು.

ಅದೇ ಮುದುಕನ ಮನೆಯವರ ಜೊತೆ ಅವಳನ್ನು ಆಗಬೋಟಿನಲ್ಲಿ ಕುಮಟೆಗೆ ಕಳಿಸಿದ್ದಾಯಿತು. ಅಲ್ಲಿಂದ ಓಣಿಯವರದೇ ಒಂದು ಗಾಡಿ ಸಿಕ್ಕಿತು. ಘಟ್ಟ ಹತ್ತುವಾಗ ಗಾಡಿಯವನು "ಏನಾಯ್ತು ಚಾಚಿ?" ಎಂದು ಕೇಳಿದ. "ಮೈ ಸರಿ ಇರಲಿಲ್ಲ" ಎಂದಳು. ಆ ಸುಳ್ಳನ್ನು ಅವಳು ಮುಂದೆ ಎಷ್ಟೋ ಜನರಿಗೆ ಹೇಳಬೇಕಾಯಿತು. ಕೇಳಿದವರೆಲ್ಲ ನಸೀಬು ಎಂದು ಮರುಗಿದರು. ದ್ಯಾವಮ್ಮನಿಗೆ ಮಾತ್ರ ಅವಳು ಸುಳ್ಳು ಹೇಳಲಿಲ್ಲ. ದ್ಯಾವಮ್ಮ ಎಲ್ಲ ಕೇಳಿ, "ನಾ ಆರಿಸಿದ ಕಾಯಿ ಅವು" ಎಂದಷ್ಟೇ ಹೇಳಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದಳು.

ಮುಂಗಾರು ಹಿಡಿಯುವ ಮೊದಲು ಮುನಾಫ್ ಹುಬ್ಬಳ್ಳಿಯ ರೈಲು ಇಳಿದು ಮೋಟಾರಿನಲ್ಲಿ ಬಂದ. ಗಡ್ಡ ಬಿಟ್ಟಿದ್ದ, ಸೊರಗಿದ್ದ, ಮುಖದಲ್ಲಿ ನಿಜವಾಗಿಯೂ ಒಂದು ಬೆಳಕಿತ್ತು. ಓಣಿಯ ಬಾಯಲ್ಲಿ ಹಾರ ಹಾಕಿ ಕರೆತಂದರು. ಅವನು ಬಂದವರಿಗೆಲ್ಲ ಒಂದೊಂದು ಖರ್ಜೂರ, ಒಂದೊಂದು ಗುಟುಕು ಜಮ್‌ಜಮ್ ನೀರು ಕೊಟ್ಟ. ಮುಂದಿನ ಕೋಣೆಯಲ್ಲಿ ಜನ ಕಿಕ್ಕಿರಿದು ಕೂತು ಅವನ ಬಾಯಿ ನೋಡುತ್ತಿದ್ದರು. ಬಿಸ್ಮಿಲ್ಲಾ ಬಿ ಪರದೆಯ ಹಿಂದೆ ಶರಬತ್ತು ಬೆರೆಸುತ್ತಿದ್ದಳು.

ಅವನು ಎಲ್ಲ ಹೇಳಿದ. ಹಡಗಿನ ವಾಂತಿ, ಮರಳು, ಅರಫಾತಿನ ಬಿಸಿಲು. ಹೇಳುತ್ತ ಹೇಳುತ್ತ ಪೇಟೆಯ ವರ್ಣನೆಗೆ ಬಂದ. ಘಟ್ಟದ ಹುಲಿಯ ಕಥೆ ಹೇಳುವಾಗಿನ ಹಾಗೆಯೇ ಅವನಿಗೆ ಹುರುಪು ಏರಿತ್ತು.

"ಜಿದ್ದಾದಲ್ಲಿ ಏಲಕ್ಕಿಗೆ ಎಂಥ ಕಿಮ್ಮತ್ತು ಅಂತೀರಿ! ಸುಂಕ ಬರೇ ನೆಪಕ್ಕೆ. ಜಾವಾದವನೊಬ್ಬ ಒಂದು ಸಣ್ಣ ಚೀಲ ತಂದಿದ್ದ, ಒಡಕು ಕಾಯಿ, ನಮ್ಮ ಶಿರಸಿಯಲ್ಲಿ ಮೂಸಿ ನೋಡೂದಿಲ್ಲ ಅದನ್ನ. ಅರಬ್ಬರು ಮುಗಿಬಿದ್ದು ತಗೊಂಡರು, ಚಿನ್ನ ಎಣಿಸಿ ಕೊಟ್ಟರು. ನಮ್ಮ ಹಸಿರು ಕಾಯಿ ಎರಡು ಪೆಟ್ಟಿಗೆ ಇದ್ದಿದ್ದರೆ ನಾಲ್ಕು ಜನ ಹಜ್ ಮಾಡಿ ಬರಬೌದಿತ್ತು!"

ಅಷ್ಟು ಹೇಳಿದ ಮೇಲೆ ಅವನಿಗೆ ನೆನಪಾಯಿತು. ಯಾರೋ ಕೆಮ್ಮಿದರು. ಅವನು ಪರದೆಯ ಕಡೆ ಒಮ್ಮೆ ನೋಡಿ, ತಕ್ಷಣ ಮದೀನಾದ ಮಾತು ಶುರುಮಾಡಿದ.

ಬಿಸ್ಮಿಲ್ಲಾ ಬಿ ಶರಬತ್ತಿನ ತಟ್ಟೆಯನ್ನು ಪರದೆಯ ಅಡಿಯಿಂದ ಮುಂದಕ್ಕೆ ಸರಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಮೇಲೆ ಕೂತು, ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಳು ಬರಲಿಲ್ಲ. ಧಕ್ಕೆಯಲ್ಲಿ ಬಾಯಿಂದ ಬಂದ ಮಾಫಿ ಹೊಟ್ಟೆಯೊಳಗಿನದಾಗಿರಲಿಲ್ಲ ಎಂಬುದು ಆಗ ಖಚಿತವಾಯಿತು. ಅವಳಿಗೆಂದು ಅವನು ತೆಗೆದಿಟ್ಟ ಜಮ್‌ಜಮ್ ನೀರನ್ನು ಕುಡಿದಳು. ಆ ನೀರಿನ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

ಮರುದಿನದಿಂದ ಮತ್ತೆ ವಖಾರಿ. ಬಂದ ಕೂಲಿಯಲ್ಲಿ ಉಪ್ಪು ಮೆಣಸಿಗೆ ತೆಗೆದು ಉಳಿದದ್ದನ್ನು ಬಂಗಾರ ಮಾಡಿದಳು. ಬೆಲೆ ದುಬಾರಿ ಎಂದು ಶೇಟರೇ ಹೇಳಿದರೂ ಕೇಳಲಿಲ್ಲ. ಮನೆಯಲ್ಲಿ ಅಡಿಗೆ, ಬಟ್ಟೆ, ಬಿಸಿನೀರು ಯಾವುದಕ್ಕೂ ಕೊರತೆ ಮಾಡಲಿಲ್ಲ. ಮಾತು ಮಾತ್ರ ಇನ್ನೂ ಕಡಿಮೆಯಾಯಿತು. ಮುನಾಫ್ ಎರಡು ಮೂರು ಸಲ, "ಮುಂದಿನ ಸಲ ಇಬ್ಬರೂ ಹೋಗೋಣ" ಎಂದ.

ಅಷ್ಟರಲ್ಲಿ ಘಟ್ಟದಲ್ಲಿ ಲಾರಿಗಳು ಓಡಾಡತೊಡಗಿದವು. ಗಾಡಿಗೆ ಬಾಡಿಗೆ ಕಡಿಮೆಯಾಯಿತು. ಲಾರಿಯೊಂದರಲ್ಲಿ ಪಾಲು ಸಿಗುತ್ತದೆ ಎಂದು ಮುನಾಫ್ ಒಂದು ಬೆಳಿಗ್ಗೆ ಹೆಂಡತಿಯ ಎದುರು ಬಂದು ಕೂತ.

"ನಿನ್ನ ಹತ್ತಿರ ಇರೂದನ್ನು ಕೊಡು. ವರ್ಷದಲ್ಲಿ ಎರಡರಷ್ಟು ಮಾಡಿ ಕೊಡ್ತೇನೆ."

"ಇಲ್ಲ."

"ಇಲ್ಲವಾ, ಕೊಡೂದಿಲ್ಲವಾ?"

"ಕೊಡೂದಿಲ್ಲ."

"ಹಾಜಿಯ ಹೆಂಡತಿಗೆ ಇಷ್ಟು ಕಲ್ಲು ಮನಸ್ಸಾ?"

"ಹಾಜಿಯ ಹೆಂಡತಿ ಹೌದು," ಎಂದಳು ಅವಳು ಒಲೆಯ ಕಡೆ ತಿರುಗಿ. "ಹಾಜಿ ಅಲ್ಲ."

ಅವನು ಕೈ ಎತ್ತಿದ, ಹೊಡೆಯಲಿಲ್ಲ. ಆ ವರ್ಷವೇ ಗಾಡಿಯನ್ನೂ ಎತ್ತುಗಳನ್ನೂ ದಾಸನಕೊಪ್ಪದವರೊಬ್ಬರಿಗೆ ಮಾರಿದ. ಮುಂದೆ ಮಸೀದಿಯ ಕಟ್ಟೆ, ಮನೆಯ ಕಟ್ಟೆ ಎರಡೇ ಅವನ ಜಾಗ. ಎಲ್ಲರೂ ಹಾಜಿ ಸಾಬರೇ ಎಂದು ಮಾತಾಡಿಸುತ್ತಿದ್ದರು, ಸಂತೋಷವಾಗಿದ್ದ. ಹೊಟ್ಟೆಗೆ ಹಾಕಿದವಳು ಏಲಕ್ಕಿ ಆರಿಸುವವಳು. ಮೂವತ್ತಾರರ ಮಳೆಗಾಲದಲ್ಲಿ ಜ್ವರ ಬಂದು ಏಳೆಂಟು ದಿನ ಮಲಗಿ ತೀರಿಕೊಂಡ. ಅವಳು ಹಗಲೂ ರಾತ್ರಿ ಆರೈಕೆ ಮಾಡಿದಳು. ಅವನು ಏನೋ ಕೇಳಲು ಬಾಯಿ ತೆರೆದಾಗಲೆಲ್ಲ ಗಂಜಿಯ ಚಮಚ ಇಟ್ಟಳು.

ತಂಗಿಯ ಮಗ ನೂರ್ ಅಹ್ಮದ್ ಆಗ ದೊಡ್ಡವನಾಗಿ ಯಲ್ಲಾಪುರದಲ್ಲಿ ಮರದ ವ್ಯಾಪಾರಕ್ಕೆ ಇಳಿದಿದ್ದ. ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಕಳೆದ ಮೇಲೆ ಬಂದು ಕೂತು ಹೇಳಿದ, "ಖಾಲಾ, ಈಗ ಬಂಗಾರ ಮೂವತ್ತೈದಕ್ಕೆ ಹೋಗಿದೆ. ನಿಮ್ಮ ಹತ್ತಿರ ಬಂಗಾರವೇ ಇದೆ. ಹಡಗಿನ ರೂಪಾಯಿ ಈಗ ನಿಮಗೆ ಅಗ್ಗ. ಅಲ್ಲಿಗೆ ಬಂಗಾರವನ್ನೇ ಒಯ್ಯಬೌದು. ನಾನು ಜೊತೆಗೆ ಬರ್ತೇನೆ. ಹೊರಡಿ."

ಲೆಕ್ಕ ಸರಿಯಾಗಿತ್ತು. ಐದು ವರ್ಷದ ಹಿಂದೆ ಅವಳ ವಿರುದ್ಧ ಹೋದದ್ದೆಲ್ಲ ಈಗ ಅವಳ ಪರವಾಗಿತ್ತು. ಬಿಸ್ಮಿಲ್ಲಾ ಬಿ ಹುಡುಗನ ತಲೆ ಸವರಿದಳು.

"ಆಸೆ ಇತ್ತು, ಬೇಟಾ. ಅದನ್ನು ಬೊಂಬಾಯಿ ಧಕ್ಕೆಯಲ್ಲೇ ಬಿಟ್ಟು ಬಂದೆ. ಈಗ ಹುಡುಕಿದರೂ ಸಿಗೂದಿಲ್ಲ."

ಅವನು ಫರ್ಜಿನ ಮಾತು ತೆಗೆದ, ದೇವರ ಮಾತು ತೆಗೆದ. "ಸತ್ತು ಅಲ್ಲಿಗೆ ಹೋದ ದಿನ ದೇವರೇ ಕೇಳಲಿ, ನಾನೇ ಉತ್ತರ ಕೊಡ್ತೇನೆ" ಎಂದಳು. ನೂರ್ ಅಹ್ಮದ್ ಬೆಪ್ಪಾಗಿ ಅವಳ ಮುಖ ನೋಡಿದ. ಅವನಿಗೆ ಬೊಂಬಾಯಿಯ ಕಥೆ ಗೊತ್ತಿರಲಿಲ್ಲ. ಅವನಿಗೂ ಅವಳು ಮೈ ಸರಿ ಇರಲಿಲ್ಲ ಎಂದೇ ಹೇಳಿದ್ದಳು.

ಆ ಚಳಿಗಾಲ ಅವಳು ಬಂಗಾರವನ್ನು ಶೇಟರ ಅಂಗಡಿಗೆ ಒಯ್ದಳು. ಬಂದ ಹಣ ಕೊಟ್ಟು, ಇಷ್ಟು ವರ್ಷ ಬಾಡಿಗೆಗಿದ್ದ ಆ ಎರಡು ಕೋಣೆಯ ಮನೆಯನ್ನು ಹಿತ್ತಲು ಬಾವಿಯ ಸಮೇತ ಕೊಂಡಳು. ಕಚೇರಿಯಲ್ಲಿ ಬಿಸ್ಮಿಲ್ಲಾ ಬಿ ಎಂದು ತನ್ನ ಹೆಸರೇ ಹಾಕಿಸಿ ಹೆಬ್ಬೆಟ್ಟು ಒತ್ತಿ ಬಂದಳು. ಅಂದು ವಖಾರಿಯಲ್ಲಿ ಎಲ್ಲರಿಗೂ ಬೆಲ್ಲ ಹಂಚಿದಳು. ಆಮೇಲೆ ಮನೆಗೆ ಹೊಸ ಸುಣ್ಣ ಬಳಿಸಿದಳು.

ಒಂದು ದಿನ ಅಂಚೆಯವನು ಯಾವುದೋ ಮನೆ ಹುಡುಕುತ್ತ ಓಣಿಗೆ ಬಂದ. ಬಾಗಿಲ ಎದುರು ಏಲಕ್ಕಿ ಹರವಿಕೊಂಡು ಕೂತಿದ್ದ ಅವಳಿಗೆ ಓಣಿಯ ಬಾಯಲ್ಲಿದ್ದವರು ದಾರಿ ಹೇಳುವುದು ಕೇಳಿಸಿತು. "ಹೀಂಗೇ ಹೋಗ್ರಿ. ಆ ಮೂಲೇಲಿ ಹೊಸಾ ಸುಣ್ಣ ಬಳದದ್ದು ಕಾಣ್ತದಲ್ಲ, ಹಾಜಿ ಸಾಬರ ಮನೆ, ಅದರ ಪಕ್ಕದ್ದು." ಅವಳು ತಲೆ ಎತ್ತಲಿಲ್ಲ. ಮೊರದಲ್ಲಿ ಒಡಕು ಕಾಯಿ ಬಹಳ ಇದ್ದವು.